ಸಣ್ಣ ಬ್ಯಾಟರಿಯ ಜ್ವರ

ಒಂದು ಕಾಲದಲ್ಲಿ ನನ್ನ ದಿನ ಶುರುವಾಗುತ್ತಿದ್ದುದು ಒಂದು ಸದ್ದಿನಿಂದ. ಎದ್ದವಳೇ ಮುಖ ತೊಳೆಯುವುದಕ್ಕೂ ಮೊದಲು ಅಂಗಳಕ್ಕೆ ಹೋಗಿ, ಕಾರಿನ ಬಾಗಿಲು ತೆಗೆದು ಕೀಲಿ ತಿರುಗಿಸುತ್ತಿದ್ದೆ. ಸೀಟಿನ ಕೆಳಗೆಲ್ಲೋ ‘ಟಕ್’ ಅನ್ನಬೇಕು. ಹಾಗೆ ಅಂದ ಮೇಲೆ ಕೀಲಿ ವಾಪಸ್ ತಿರುಗಿಸಿ ಒಳಗೆ ಬಂದು ಚಹಾ ಕುಡಿಯುತ್ತಿದ್ದೆ. ಅನ್ನುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಅಣ್ಣ ನೋಡಿ ನಗುತ್ತಿದ್ದ.

“ಮಂದಿ ಎದ್ದು ದೇವರ ಮಾರಿ ನೋಡ್ತಾರ, ಇಕಿ ಕಾರಿನ ಮಾರಿ ನೋಡ್ತಾಳ.”

ಆ ಕಾರು ಒಂದು ದಿನ ಟಕ್ ಅನ್ನದಿದ್ದರೆ ಅದನ್ನು ಮಾರಿಸಲು ಕಾಯುತ್ತಿದ್ದವನು ಅವನೇ. ಅವನ ನಗುವಿನಲ್ಲಿ ಪಾಲು ತೆಗೆದುಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಕರೆಂಟಿನಿಂದ ಓಡುವ ಕಾರು ಅಂದರೆ ಕಲಬುರಗಿಯ ಜನ ಆಟಿಕೆ ಸಾಮಾನು ಅಂದುಕೊಳ್ಳುತ್ತಿದ್ದರು. ನನ್ನದು ನೋಡಲು ಹಾಗೇ ಇತ್ತು ಅನ್ನಿ. ಎರಡೇ ಬಾಗಿಲು, ಗಿಡ್ಡ ಮೂತಿ, ಹೊಗೆಯಿಲ್ಲ, ಗುಡುಗುಡು ಇಲ್ಲ. ಸೂಪರ್ ಮಾರ್ಕೆಟಿನಲ್ಲಿ ನಿಲ್ಲಿಸಿದರೆ ಸುತ್ತ ಮಂದಿ ನೆರೆಯುತ್ತಿದ್ದರು. ಒಬ್ಬ ಆಟೋದವನು ಬಗ್ಗಿ ಚಕ್ರದ ಕೆಳಗೆಲ್ಲ ನೋಡಿ, “ಇಸ್ಕು ಚಾವಿ ದೇನಾ ಪಡ್ತಾ ಕ್ಯಾ ಮೇಡಂ?” ಎಂದು ಕೇಳಿದ್ದ, ಮಕ್ಕಳ ಗೊಂಬೆ ಕಾರಿಗೆ ಕೀಲಿ ಕೊಡುವ ಹಾಗೆ ಕೈ ತಿರುವಿ ತೋರಿಸುತ್ತ. ನಿನ್ನ ಆಟೋಕ್ಕಿಂತ ಮೊದಲು ಕಮಲಾಪುರ ಮುಟ್ಟುತ್ತದೆ, ಬರುತ್ತೀಯಾ ಎಂದು ನಾನೂ ಸಿಡುಕಿದ್ದೆ.

ನಾನು ಅದನ್ನು ಕೊಂಡದ್ದು ಚೆಂದಕ್ಕಲ್ಲ, ಹೊಗೆಯ ಮೇಲಿನ ಸಿಟ್ಟಿಗೂ ಅಲ್ಲ. ಅದಕ್ಕೆ ಕ್ಲಚ್ ಇರಲಿಲ್ಲ, ಗೇರ್ ಇರಲಿಲ್ಲ. ಕೆಳಗೆ ಎರಡೇ ಪೆಡಲು, ಎರಡಕ್ಕೂ ಬಲಗಾಲು ಸಾಕು. ನನ್ನ ಹತ್ತಿರ ಕೆಲಸಕ್ಕೆ ಬರುವ ಕಾಲು ಅದೊಂದೇ. ಎಡಗಾಲು ಪೋಲಿಯೋಕ್ಕೆ ಹೋದದ್ದು. ಇನ್ನೂ ಸರಿಯಾಗಿ ನಡೆಯಲು ಕಲಿಯುವ ಮೊದಲೇ ಜ್ವರ ಬಂತಂತೆ, ಜ್ವರ ಬಿಟ್ಟಾಗ ಕಾಲು ಎತ್ತಲಾಗಲಿಲ್ಲವಂತೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಅಪ್ಪ ಇರುವತನಕ ಅದರ ಮಾತೆತ್ತಲಿಲ್ಲ. ಅವ್ವ “ಆಗ ಜ್ವರ ಬಂದಿತ್ತು” ಅಂದು ಒಲೆಯ ಕಡೆ ತಿರುಗಿ ಇಲ್ಲದ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗ್ಯಾಸ್ ಒಲೆ ಬಂದ ಮೇಲೂ ಹಾಗೇ ಒರೆಸಿಕೊಳ್ಳುತ್ತಿದ್ದಳು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾರು ಬರುವ ಮೊದಲು ಬೀದರ ಕಡೆಗೆ ಹೋಗುವ ಬಸ್ಸೇ ಗತಿ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಪಾಲಿಗೆ ಕೋಟೆಯ ಗೋಡೆ. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಬ್ಯಾಗು, ಹಿಂದೆ ನೂಕುವ ಜನ. ದಿನಾ ಯಾರೋ ಒಬ್ಬರು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಎತ್ತಿದವರು ತಪ್ಪದೆ “ಪಾಪ” ಅನ್ನುತ್ತಿದ್ದರು. ಒಳ್ಳೆಯ ಜನವೇ. ಆದರೆ ಬೆಳಗ್ಗೆ ಬೆಳಗ್ಗೆ ಆ ‘ಪಾಪ’ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯನ್ನು ಮೊದಲನೇ ಪಿರಿಯಡ್ಡಿನ ಮಕ್ಕಳ ಮೇಲೆ ತೀರಿಸುತ್ತಿದ್ದೆ. ಬಸ್ಸು ಸಿಗದ ದಿನ ಅಣ್ಣನ ಜೀಪು. ಅವನು ನೆಹರು ಗಂಜಿನ ದವಸದ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ. ಅವನು ಬಿಟ್ಟರೆ ಹೋಗಬೇಕು, ಕರೆದರೆ ಬರಬೇಕು. ಊರೊಳಗೆ ಏನೇ ಕೆಲಸವಿದ್ದರೂ ಅವನ ವ್ಯವಹಾರ ಮುಗಿಯುವತನಕ ನಾನು ಅಂಗಡಿಯಲ್ಲಿ ತೊಗರಿ ಚೀಲಗಳ ನಡುವೆ ಇನ್ನೊಂದು ಚೀಲವಾಗಿ ಕೂತಿರಬೇಕು.

ಆದ್ದರಿಂದ ಕ್ಲಚ್ ಇಲ್ಲದ ಕಾರು ಬೆಂಗಳೂರಿನಲ್ಲಿ ಸಿಗುತ್ತದೆ ಎಂದು ಪೇಪರಿನಲ್ಲಿ ನೋಡಿದ ದಿನ ನಾನು ಯಾರನ್ನೂ ಕೇಳಲಿಲ್ಲ. ತರಿಸಿದೆ. ಊರಿನ ಹಳೆಯ ಕೋಟೆಯ ಹಿಂದಿನ ಬಯಲಿನಲ್ಲಿ ಮುಂಜಾನೆ ಮುಂಜಾನೆ ಓಡಿಸಲು ಕಲಿತೆ. ಮೊದಲ ಸಲ ಒಬ್ಬಳೇ ಕಮಲಾಪುರಕ್ಕೆ ಹೋದ ದಿನ ದಾರಿಯುದ್ದಕ್ಕೂ ಅತ್ತೆ. ಸಂತೋಷಕ್ಕೇ ಅತ್ತದ್ದು.

ಅಣ್ಣನಿಗೆ ಮಾತ್ರ ನಿದ್ದೆ ಹೋಯಿತು. ಅವನ ಕಣ್ಣಿಗೆ ಬೀಳುತ್ತಿದ್ದುದು ಒಂದೇ ದೃಶ್ಯ: ಉರಿ ಬಿಸಿಲು, ಖಾಲಿ ರಸ್ತೆ, ನಿಂತ ಕಾರು, ಅದರೊಳಗೆ ಎದ್ದು ನಾಲ್ಕು ಹೆಜ್ಜೆ ಓಡಲಾಗದ ತಂಗಿ. ವಾರವಿಡೀ ಮನೆಯಲ್ಲಿ ಜಗಳವಾಯಿತು. ಕೊನೆಗೆ ಒಂದು ಸಂಜೆ ಅವ್ವನ ಎದುರು ಕೂತು ತೀರ್ಮಾನ ಹೇಳಿದ.

“ಒಂದ ಮಾತು. ಇದು ಒಂದ್ಸಲ ದಾರ್ಯಾಗ ನಿಂತಿತಂದ್ರ ಮಾರಿಬಿಡೂದು. ಮತ್ತ ನೀ ನನ್ನ ಜೀಪಿನ್ಯಾಗ ಬರಬೇಕು, ಇಲ್ಲಾ ಬಸ್ಸಿಗಿ ಹೋಗಬೇಕು. ಒಪ್ತೀ?”

“ಒಪ್ತೀನಿ. ನಿಂದ್ರೂದಿಲ್ಲ ಅದು.”

ಹೊಸ ಕಾರಿನ ಹುರುಪು, ಬಾಯಿಗೆ ಬಂದದ್ದು ಅಂದುಬಿಟ್ಟೆ. ಆಡಿದ ಮಾತಿಗೆ ಅವ್ವ ಸಾಕ್ಷಿ. ಅವತ್ತಿನಿಂದ ನನಗೂ ನಿದ್ದೆ ಹೋಯಿತು.

ಇಷ್ಟು ಆದ ಮೇಲೆಯೇ ಕಾರಿನ ಗುಟ್ಟು ನನಗೆ ತಿಳಿದದ್ದು. ಸೀಟಿನ ಕೆಳಗೆ ದೊಡ್ಡ ಬ್ಯಾಟರಿಗಳ ಸಾಲು ಇತ್ತು, ಚಕ್ರ ತಿರುಗಿಸುವುದು ಅವು. ರಾತ್ರಿ ಮನೆಯಲ್ಲಿ ಪ್ಲಗ್ಗು ಚುಚ್ಚಿದರೆ ತುಂಬುತ್ತಿದ್ದವು. ಇವಲ್ಲದೆ ಮುಂದಿನ ಮುಚ್ಚಳದ ಕೆಳಗೆ, ಒಂದು ಮೂಲೆಯಲ್ಲಿ, ಇನ್ನೊಂದು ಸಣ್ಣ ಬ್ಯಾಟರಿ. ದೀಪ, ಹಾರನ್ನು, ವೈಪರ್ ಅದರ ಪಾಲಿನ ಕೆಲಸ. ಜೊತೆಗೆ ಇನ್ನೊಂದು ಕೆಲಸವಿತ್ತು. ಕೀಲಿ ತಿರುಗಿಸಿದಾಗ ದೊಡ್ಡ ಬ್ಯಾಟರಿಗಳನ್ನು ಮೋಟರಿಗೆ ಜೋಡಿಸುವುದು ಅದೇ. ನಾನು ಕಿವಿಗೊಟ್ಟು ಕಾಯುತ್ತಿದ್ದ ‘ಟಕ್’ ಆ ಜೋಡಣೆಯ ಸದ್ದು. ಸಣ್ಣದು ಸತ್ತರೆ ದೊಡ್ಡವು ತುಂಬಿ ತುಳುಕುತ್ತಿದ್ದರೂ ಕಾರು ಅಲುಗಾಡದು. ಇದನ್ನು ಅವ್ವನಿಗೆ ಹೇಗೆ ತಿಳಿಸುವುದು? “ಕಣಜದ ತುಂಬ ಜೋಳ ಅದ, ಬಾಗಲಾ ತೆಗೆಯೋ ಕೀಲಿ ಕಳದದ ಅಂತ ತಿಳಿ” ಎಂದೆ.

ಅವ್ವ ಬಗ್ಗಿ ಆ ಮೂಲೆಯನ್ನು ನೋಡಿದಳು. “ಹಂಗಂದ್ರ ಇದ್ರ ಜೀವ ಎಲ್ಲಾ ಈ ಸಣ್ಣದ್ರಾಗೇ ಅದ ಅನ್ನು.”

“ಹೂಂ, ಹಂಗೇ ಅನ್ನು.”

“ಮತ್ತ ಅದಕ್ಕ ಅಷ್ಟ ಮೂಲ್ಯಾಗ ಯಾಕ ಇಟ್ಟಾರ?”

ನಾನು ಮುಚ್ಚಳ ಹಾಕಿದೆ.

ಅಂದಿನಿಂದ ಭಾನುವಾರ ಬೆಳಗ್ಗೆ ನಾನು ಸ್ಟೂಲು ಹಾಕಿಕೊಂಡು ಕಾರಿನ ಮುಂದೆ ಕೂರುವುದು ನಿಯಮವಾಯಿತು. ಸಣ್ಣ ಬ್ಯಾಟರಿಯ ಬಿರಡೆ ಬಿಚ್ಚಿ ನೀರು ನೋಡುವುದು, ಕಡಿಮೆಯಾಗಿದ್ದರೆ ಅಂಗಡಿಯಿಂದ ತಂದ ಬ್ಯಾಟರಿ ನೀರು ಹನಿಸುವುದು, ವೈರು ಕೂರುವ ಎರಡು ಸೀಸದ ಮೊಳೆಗಳ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರುವುದು. ಅವ್ವ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತ ಎಲ್ಲ ನೋಡುತ್ತಿದ್ದಳು. ಮುಚ್ಚಳ ಹೇಗೆ ತೆಗೆಯುತ್ತೇನೆ, ಯಾವ ಕೊಂಡಿ ಮೊದಲು ಬಿಚ್ಚುತ್ತೇನೆ, ಎಲ್ಲಿ ಕೈ ಹಾಕುತ್ತೇನೆ, ಎಲ್ಲವನ್ನೂ. ನನಗೆ ಮೊದಮೊದಲು ಹೆಮ್ಮೆಯಾಗಿತ್ತು. ನನ್ನ ಕ್ಲಾಸಿನ ಮಕ್ಕಳು ಯಾವತ್ತೂ ಅಷ್ಟು ಕಣ್ಣಿಟ್ಟು ನೋಡಿದ್ದಿಲ್ಲ.

ಕಮಲಾಪುರದಲ್ಲಿ ಶಾಲೆಯ ಎದುರಿನ ಮನೆಯವರು ಬಾಳೆತೋಟದವರು. ಆ ಮನೆಯ ಹೆಂಗಸನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಅವಳು ನನ್ನನ್ನು, ನಮ್ಮ ಕಡೆ ಟೀಚರನ್ನು ಕರೆಯುವಂತೆ, ಅಕ್ಕೋರೆ ಅನ್ನುತ್ತಿದ್ದಳು. ನಾನು ಪಾಠ ಮಾಡುವಷ್ಟು ಹೊತ್ತು ಕಾರು ಅವರ ಪಡಸಾಲೆಯ ಪ್ಲಗ್ಗಿನಿಂದ ಕರೆಂಟು ಕುಡಿಯುತ್ತಿತ್ತು. ಕರೆಂಟು ಇದ್ದರೆ, ಅಷ್ಟೇ. ಅದು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎನ್ನುವುದು ದೇವರಿಗೂ ತಿಳಿಯುತ್ತಿರಲಿಲ್ಲ. ಕ್ಲಾಸಿನ ಫ್ಯಾನು ನಿಂತಾಗ ಮಕ್ಕಳು ಸೆಕೆಗೆ ಗೊಣಗಿದರೆ ನಾನು ಕಾರಿನ ಚಿಂತೆಗೆ ಗೊಣಗುತ್ತಿದ್ದೆ. ಪಾಠದ ನಡುವೆ ಕಿಟಕಿಯತ್ತ ಹೋಗಿ ಹೋಗಿ ನೋಡುವುದು ಎಷ್ಟು ರೂಢಿಯಾಗಿತ್ತೆಂದರೆ, ಅಕ್ಕ ಆ ಕಡೆಯಿಂದ ಕೈಯೆತ್ತಿ “ಬಂದದ ಬಂದದ” ಎಂದು ಕೂಗುತ್ತಿದ್ದಳು.

ಹೀಗೆ ಬೇಸಿಗೆ ಬಂತು. ನಮ್ಮ ಕಡೆ ಬಿಸಿಲು ಏರಿದರೆ ಶಾಲೆ ಮುಂಜಾನೆಗೆ ಬದಲಾಗುತ್ತದೆ. ಬೆಳಗ್ಗೆ ತಂಪಿಗೆ ಹೋದರೂ ಬರುವುದು ನಡುಮಧ್ಯಾಹ್ನ. ರಸ್ತೆಯ ಡಾಂಬರು ಮೆತ್ತಗಾಗಿರುತ್ತಿತ್ತು, ಸ್ಟೇರಿಂಗು ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಮನೆಗೆ ಬಂದು ಕಾರು ನಿಲ್ಲಿಸಿದರೆ ಅವ್ವ ತಂಬಿಗೆಯಲ್ಲಿ ನೀರು ಹಿಡಿದು ಬರುವವಳು, ನನಗೆ ಕೊಟ್ಟು ಕಾರಿನ ಮೂತಿ ಮುಟ್ಟಿ ನೋಡುವವಳು. ಒಂದು ದಿನ ಮುಚ್ಚಳ ಎತ್ತಿಸಿ ಸಣ್ಣ ಬ್ಯಾಟರಿಯ ಮೇಲೂ ಅಂಗೈ ಇಟ್ಟಳು.

“ಅಯ್ಯ, ಕೆಂಡ ಆಗ್ಯಾದಲ್ಲವ್ವಾ ಇದು! ಮೈ ಸುಡ್ಲಾಕತ್ತದ.”

“ಬಿಸಲು ಅವ್ವ. ಬ್ಯಾಟರಿಗಿ ಬಿಸಲಂದ್ರ ಆಗಿಬರೂದಿಲ್ಲ. ಜಲ್ದಿ ಸಾಯ್ತಾವ.”

ಇದು ನಾನೇ ಆಡಿದ ಮಾತು. ಬಿಸಿಲಿನ ಝಳಕ್ಕೆ ತಲೆ ಕೆಟ್ಟು ಆಡಿದ್ದು. ಉಂಡು, ಕೂಲರಿನ ಮುಂದೆ ಮೈ ಚಾಚಿ ಮಲಗಿಬಿಟ್ಟೆ. ಸಂಜೆ ಇಳಿಯುವವರೆಗೆ ನನಗೆ ಎಚ್ಚರವಿರಲಿಲ್ಲ. ಮರುದಿನವೂ, ಅದರ ಮರುದಿನವೂ ಅದೇ ಪಾಡು.

ಆ ವಾರವೇ ಸದ್ದು ಬದಲಾಯಿತು. ಬೆಳಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎನ್ನುವ ಮೊದಲು ಒಂದು ಗಳಿಗೆ ಯೋಚಿಸಿದಂತೆ ತಡ ಮಾಡುತ್ತಿತ್ತು. ಅಂದಾಗಲೂ ಮೊದಲಿನ ಗಟ್ಟಿತನವಿಲ್ಲ. ಹಾರನ್ನು ನೆಗಡಿಯಾದಂತೆ ಅರಚುತ್ತಿತ್ತು. ಅಣ್ಣನ ಎದುರು ಮುಚ್ಚಳ ತೆಗೆದರೆ ಏನಾಯಿತು ಎಂದು ಕೇಳುತ್ತಾನೆ, ಸಂಶಯ ಬರುತ್ತದೆ. ಮಧ್ಯಾಹ್ನ ಬಿಸಿಲಿಗೆ ಆಗುವುದಿಲ್ಲ. ಭಾನುವಾರ ಬರಲಿ, ಎಲ್ಲ ಬಿಚ್ಚಿ ನೋಡುತ್ತೇನೆ ಎಂದು ದಿನ ದೂಡಿದೆ. ಅವ್ವನ ಹತ್ತಿರವೂ ಹೇಳಲಿಲ್ಲ. ಅವಳ ಚಿಂತೆಗೆ ನನ್ನ ಫಿಕರು ಸೇರಿಸುವುದು ಯಾಕೆ ಎಂದುಕೊಂಡೆ.

ಶುಕ್ರವಾರ ಬೆಳಗ್ಗೆ ‘ಟಕ್’ ಬಂತು, ಬಹಳ ಸಣ್ಣಗೆ, ಗಂಟಲು ಕೆಟ್ಟವರು ಮಾತಾಡಿದ ಹಾಗೆ. ಹೋಗಬಾರದಿತ್ತು. ಆದರೆ ಹೋಗದಿದ್ದರೆ ಯಾಕೆ ಹೋಗಲಿಲ್ಲ ಎಂದು ಅಣ್ಣ ಕೇಳುತ್ತಾನೆ. ಹೋದೆ. ದಾರಿಯಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದರೂ ಹಾರನ್ನು ಒತ್ತಲಿಲ್ಲ, ಸಣ್ಣದರ ಜೀವ ಉಳಿಯಲಿ ಎಂದು. ಕಿಟಕಿಯಿಂದ ತಲೆ ಹೊರಗೆ ಹಾಕಿ “ಹೈ ಹೈ” ಎಂದು ಕೂಗಿದೆ. ದನ ಕಾಯುವವನು ನಕ್ಕ. ನಗಲಿ. ಕಮಲಾಪುರ ಮುಟ್ಟಿ ಅಕ್ಕನ ಪಡಸಾಲೆಯ ಪ್ಲಗ್ಗು ಚುಚ್ಚಿ ಕ್ಲಾಸಿಗೆ ಹೋದೆ. ಆ ದಿನ ಏನು ಕಲಿಸಿದೆನೋ ನೆನಪಿಲ್ಲ.

ಶಾಲೆ ಬಿಟ್ಟಿತು. ಕಾರಿನಲ್ಲಿ ಕೂತು, ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದೆ. ಏನೂ ಇಲ್ಲ. ಮತ್ತೆ ತಿರುಗಿಸಿದೆ. ಎದುರಿನ ಸಣ್ಣ ದೀಪ ಹತ್ತಬೇಕಾದಲ್ಲಿ ಹತ್ತಲಿಲ್ಲ. ಹಾರನ್ನು ಒತ್ತಿದೆ, ಅದೂ ಸುಮ್ಮನಿತ್ತು. ದೊಡ್ಡ ಬ್ಯಾಟರಿಗಳು ಬೆಳಗಿನಿಂದ ಕುಡಿದು ಹೊಟ್ಟೆ ತುಂಬಿಕೊಂಡು ಕೂತಿವೆ, ಆದರೂ ಕಾರು ಕಲ್ಲಾಗಿದೆ. ಸ್ಟೇರಿಂಗಿನ ಮೇಲೆ ಹಣೆ ಇಟ್ಟೆ. ಹಣೆ ಸುಟ್ಟಿತು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ಬಹಳ ಸಾಧು ಮನುಷ್ಯ, ಅವರ ಸಾಧುತನವೇ ನನಗೆ ಮುಳುವಾಯಿತು. “ಏನಾತ್ರೀ ಟೀಚರ್? ನಿಂತತೇನ್ರಿ?” ಎಂದವರು ನನ್ನ ಉತ್ತರಕ್ಕೂ ಕಾಯದೆ ಎಸ್‌ಟಿಡಿ ಬೂತಿನ ಕಡೆ ಹೋದರು. ವಾಪಸ್ ಬಂದು ಸಮಾಧಾನದಿಂದ ಹೇಳಿದರು:

“ಫಿಕರ್ ಮಾಡಬ್ಯಾಡ್ರಿ. ನಿಮ್ಮಣ್ಣೋರ ಅಂಗಡಿಗಿ ಫೋನ್ ಮಾಡೀನಿ. ಜೀಪ್ ತಗೊಂಡು ಹೊಂಟಾರ.”

ಆ ಗಳಿಗೆಯಲ್ಲಿ ಆ ಒಳ್ಳೆಯ ಮನುಷ್ಯರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದು ಬೇಡ. “ಉಪಕಾರ ಆತ್ರಿ ಸರ್” ಎಂದೆ. ಅವರು ಹೋದರು.

ಅಣ್ಣ ಬರುವುದರೊಳಗೆ ಏನಾದರೂ ಮಾಡಿ ಎಬ್ಬಿಸಬೇಕು ಎಂದು ಇಳಿದು ಮುಂದಿನ ಮುಚ್ಚಳ ಎತ್ತಿದೆ. ಎತ್ತಿದವಳು ಹಾಗೇ ನಿಂತೆ.

ಸಣ್ಣ ಬ್ಯಾಟರಿಯ ಮೇಲೆ ಒಂದು ಅರಿವೆ ಇತ್ತು. ಹಳೆಯ ಬಿಳಿ ಸೀರೆಯ ತುಂಡು, ಹಸಿರು ಅಂಚಿನದು. ನಾಲ್ಕು ಮಡಿಕೆ ಮಾಡಿ, ಉದ್ದಕ್ಕೆ ಹಾಸಿ, ಎರಡೂ ಮೊಳೆಗಳು ಮುಚ್ಚುವ ಹಾಗೆ ಇಟ್ಟು, ಜಾರದಂತೆ ತುದಿಗಳನ್ನು ಯಾರೋ ಕೆಳಗೆ ಸಿಕ್ಕಿಸಿದ್ದರು. ಅಂಚು ಒಣಗಿ ಒರಟಾಗಿತ್ತು, ನಡುವೆ ಇನ್ನೂ ಹಸಿ. ಎತ್ತಿ ನೋಡಿದರೆ ಅಡಿಯಲ್ಲಿ ಮೊಳೆಗಳ ಸುತ್ತ ಬಿಳಿ-ನೀಲಿ ಪುಡಿ ಹೂವರಳಿದಂತೆ ಉಬ್ಬಿ ನಿಂತಿತ್ತು. ಒಂದು ವೈರು ಮುಟ್ಟಿದರೆ ಕಳಚುವಂತಿತ್ತು. ಒದ್ದೆ ಬಟ್ಟೆಯ ಮೂಲಕ ಎರಡು ಮೊಳೆಗಳ ನಡುವೆ ಕರೆಂಟು ಸೋರುತ್ತಲೇ ಇದ್ದಿರಬೇಕು, ಪುಡಿ ಕಟ್ಟಿದ್ದರಿಂದ ಹೊಸದಾಗಿ ತುಂಬಿಕೊಳ್ಳುವ ದಾರಿಯೂ ಮುಚ್ಚಿತ್ತು. ವಿಜ್ಞಾನದ ಟೀಚರಿಗೆ ಇದು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಹೊತ್ತು ಬೇಕಾದದ್ದು ಆ ಮಡಿಕೆ ಅರ್ಥವಾಗಲು.

ಅದು ತಣ್ಣೀರು ಪಟ್ಟಿ. ನನಗೆ ಸಣ್ಣಂದಿನಲ್ಲಿ ಯಾವಾಗ ಮೈ ಬೆಚ್ಚಗಾದರೂ ಅವ್ವ ಹೀಗೇ ಮಡಿಚಿ, ಹಿಂಡಿ, ಹಣೆಗೆ ಹಾಕಿ, ತುದಿಗಳನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು. ಮಧ್ಯಾಹ್ನ ನಾನು ಕೂಲರಿನ ಮುಂದೆ ಗೊರಕೆ ಹೊಡೆಯುವಾಗ ಅವ್ವ ಬಿಸಿಲಿನಲ್ಲಿ ನಿಂತು ಕಾರಿನ ಜ್ವರ ಇಳಿಸುತ್ತಿದ್ದಳು. ಸಂಜೆ ನಾನು ಏಳುವ ಮೊದಲು ತೆಗೆದುಬಿಡುತ್ತಿದ್ದಳು, ಬೈದೇನೆಂದು. ಹಿಂದಿನ ಸಂಜೆ ಸೋದರತ್ತೆ ಬಂದಿದ್ದಳು, ಉಪ್ಪಿಟ್ಟು ಚಹಾದ ಗಡಿಬಿಡಿಯಲ್ಲಿ ಅವ್ವ ತೆಗೆಯಲು ಮರೆತಿರಬೇಕು.

ನನಗೆ ಮೊದಲು ನಗು ಬಂತು. ಅದರ ಬೆನ್ನಿಗೇ ಕೆಟ್ಟ ಸಿಟ್ಟು ಬಂತು. ನನ್ನ ಬದುಕನ್ನೇ ಈ ಅರಿವೆಯಲ್ಲಿ ಸುತ್ತಿ ಕೊಂದಳಲ್ಲ ಎನ್ನಿಸಿತು. ಆಮೇಲೆ ಆ ಬಿಸಿಲಿನಲ್ಲಿ ತಂಬಿಗೆ ಹಿಡಿದು ನಿಂತ ಅವಳು ಕಣ್ಣಿಗೆ ಕಟ್ಟಿದಳು.

ಈಗ ನನ್ನ ಕೈಯಲ್ಲಿ ಕಾರು ಉಳಿಸುವ ಪುರಾವೆ ಇತ್ತು. ಅಣ್ಣ ಬಂದ ಕೂಡಲೇ ಅರಿವೆ ತೋರಿಸಿ, ನೋಡು, ಕಾರಿನ ತಪ್ಪಲ್ಲ, ಅವ್ವನದು ಅಂದರೆ ಮುಗಿಯಿತು. ಕಾರು ಉಳಿಯುತ್ತಿತ್ತು. ಆದರೆ ಅಣ್ಣನ ನಾಲಿಗೆ ನನಗೆ ಗೊತ್ತು, ಅದು ನನ್ನದೇ ನಾಲಿಗೆ. ನಿನಗ್ಯಾರು ಹೇಳಿದ್ದರು ಎಂದು ಮನೆ ತುಂಬ ಕೂಗಾಡುತ್ತಾನೆ. ಅವ್ವ ಮಾತಾಡುವುದಿಲ್ಲ, ಒಲೆಯ ಕಡೆ ತಿರುಗುತ್ತಾಳೆ. ಅವಳ ಆ ಬೆನ್ನನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಅರಿವೆ ಹಿಂಡಿ, ಸುತ್ತಿ, ಊಟದ ಡಬ್ಬಿಯ ಚೀಲದ ತಳಕ್ಕೆ ತುರುಕಿದೆ. ಬಸ್ಸಿನ ಆ ಮೆಟ್ಟಿಲು ಎದುರಿಗೇ ಬಂದು ನಿಂತಂತಾಯಿತು.

ಅಕ್ಕ ಬಿಸಿನೀರು, ಅಡಿಗೆ ಸೋಡಾ ತಂದುಕೊಟ್ಟಳು. ಮೊಳೆಗಳನ್ನು ತೊಳೆದು, ಒರೆಸಿ, ವೈರು ಬಿಗಿ ಮಾಡಿದೆ. ಕೀಲಿ ತಿರುಗಿಸಿದರೆ ಏನೂ ಇಲ್ಲ. ಹೊಟ್ಟೆ ಪೂರ್ತಿ ಖಾಲಿಯಾಗಿತ್ತು ಅದಕ್ಕೆ. ಇನ್ನೊಂದು ಬ್ಯಾಟರಿಯಿಂದ ಒಂದಿಷ್ಟು ಕೊಟ್ಟರೆ ಎದ್ದೀತು, ಆದರೆ ಅಕ್ಕನ ಟ್ರ್ಯಾಕ್ಟರ್ ಬಾಳೆಗೊನೆ ಹೇರಿಕೊಂಡು ಸಂತೆಗೆ ಹೋಗಿತ್ತು. ಹೀಗೆ ನಾನು ರಸ್ತೆ ನೋಡುತ್ತ ನಿಂತಿದ್ದಾಗ ದೂಳು ಎಬ್ಬಿಸಿಕೊಂಡು ಜೀಪು ಬಂತು. ಅಣ್ಣ ಇಳಿದ. ಕೈಯಲ್ಲಿ ಹಗ್ಗವಿತ್ತು.

“ದಾರ್ಯಾಗ ನಿಂತತಿಲ್ಲೋ?” ಎಂದ.

“ದಾರ್ಯಾಗ ಎಲ್ಲಿ ನಿಂತದ? ಸಾಲಿ ಮುಂದ ನಿಂತದ.”

“ವಕೀಲಕಿ ಮಾಡಬ್ಯಾಡ. ಕಟ್ಟಿ ಎಳಕೊಂಡು ಹೋಗ್ತೀನಿ, ನಡಿ.”

“ಹಗ್ಗ ಬ್ಯಾಡ ಅಣ್ಣಾ. ನಿನ್ನ ಜೀಪಿನ ಬ್ಯಾಟರಿಯಿಂದ ಒಂದೀಟು ಕೊಡು. ಎದ್ದ ಮ್ಯಾಲ ತಾನೇ ಹೋಗ್ತದ.”

ಅವನು ಹಗ್ಗ ಹಿಡಿದೇ ನಿಂತಿದ್ದ. ನಾನು ಡಿಕ್ಕಿಯಿಂದ ದಪ್ಪ ವೈರುಗಳನ್ನು ತೆಗೆದೆ, ಎರಡೂ ತುದಿಗೆ ಹಲ್ಲಿನ ಚಿಮುಟ ಇರುವಂಥವು. ಹೆದರಿಕೆಯ ಮನುಷ್ಯರ ಡಿಕ್ಕಿಯಲ್ಲಿ ಎಲ್ಲ ಇರುತ್ತದೆ. ಕೊನೆಗೆ ಗೊಣಗುತ್ತ ಜೀಪು ಹತ್ತಿರ ತಂದ, ಬಾನೆಟ್ಟು ಎತ್ತಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿದೆ. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ.

ಟಕ್.

ಅಕ್ಕ ಚಪ್ಪಾಳೆ ತಟ್ಟಿದಳು. ಅಣ್ಣ ಹಗ್ಗ ಸುತ್ತಿ ಜೀಪಿಗೆ ಎಸೆದ. ಒಮ್ಮೆ ಎದ್ದಿತೆಂದರೆ ದೊಡ್ಡವು ಸಣ್ಣದಕ್ಕೆ ಉಣಿಸುತ್ತ ಹೋಗುತ್ತವೆ, ಕೀಲಿ ಮಾತ್ರ ತೆಗೆಯಬಾರದು. ಕಲಬುರಗಿ ಮುಟ್ಟುವತನಕ ನಾನು ಎಲ್ಲೂ ನಿಲ್ಲಲಿಲ್ಲ, ನೀರು ಕುಡಿಯಲಿಲ್ಲ. ಕನ್ನಡಿಯಲ್ಲಿ ಹಿಂದೆ ಜೀಪು ಕಾಣುತ್ತಲೇ ಇತ್ತು. ಮುಂದೆ ಹೋಗು ಎಂದು ಕೈ ಮಾಡಿದರೂ ಹೋಗಲಿಲ್ಲ.

ಮನೆಯಲ್ಲಿ ಅಣ್ಣ ಕೈಕಾಲು ತೊಳೆಯಲೂ ಇಲ್ಲ, ಅಂಗಳದಲ್ಲೇ ಶುರು ಮಾಡಿದ.

“ಅವ್ವಾ, ಕೇಳಿದ್ಯಾ? ನಿಂತಿತು. ಮಾತಂದ್ರ ಮಾತು. ನಾಳಿಂದ ಗಿರಾಕಿ ಹುಡುಕ್ತೀನಿ.”

ನಾನು ಊಟದ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಅವ್ವ ಕೇಳಿದಳು:

“ಯಾವುದು ಕೆಟ್ಟಿತ್ತು? ದೊಡ್ಡದಾ, ಸಣ್ಣದಾ?”

“ಸಣ್ಣದು.”

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಾರಿನ ಹತ್ತಿರ ಹೋದಳು. ಯಾರನ್ನೂ ಕೇಳದೆ ಮುಚ್ಚಳದ ಕೊಂಡಿ ಬಿಚ್ಚಿ ಎತ್ತಿದಳು. ಅಣ್ಣ ಬೆರಗಾಗಿ ನೋಡಿದ. ಅವಳು ಒಳಗೆ ಕೈ ಹಾಕಿ ತಡಕಿದಳು, ಅರಿವೆ ಇರಲಿಲ್ಲ. ತಿರುಗಿ ನನ್ನನ್ನು ನೋಡಿದಳು, ನನ್ನ ಎದೆಗಂಟಿದ ಚೀಲವನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

“ಆ ಪಟ್ಟಿ ನಾ ಹಾಕಿದ್ದೆ,” ಎಂದಳು ಅವ್ವ. “ಮೈ ಸುಡ್ಲಾಕತ್ತಿತ್ತು. ತಣ್ಣೀರ ಪಟ್ಟಿ ಹಾಕಿದೆ. ದಿನಾ ಹಾಕಿದೆ. ಕಾರಿಂದೇನೂ ತಪ್ಪಿಲ್ಲ. ಮಾರಬ್ಯಾಡ.”

ಅಣ್ಣ ಬಾಯಿ ತೆರೆದ. ಅವ್ವ ಅವನಿಗೆ ಅವಕಾಶ ಕೊಡಲಿಲ್ಲ.

“ಆಗೂ ಹಿಂಗೇ ಪಟ್ಟಿ ಹಾಕ್ಕೋತ ಕುಂತಿದ್ದೆ. ದವಾಖಾನಿಗಿ ಒಯ್ಯಲಿಲ್ಲ. ಇಳೀತದ ಇಳೀತದ ಅಂದೆ. ಕಾಲು ಹೋಯ್ತು. ಈಗ ಕಾರೂ ಹೋಗೂದು ಬ್ಯಾಡ.”

ನಾನು ಬೈಗುಳಕ್ಕೆ ತಯಾರಾಗಿದ್ದೆ, ಅವ್ವನ ಪರವಾಗಿ ಜಗಳವಾಡಲು ಪದಗಳನ್ನೂ ಜೋಡಿಸಿಕೊಂಡಿದ್ದೆ. ಆದರೆ ಅಣ್ಣ ಕಟ್ಟೆಯ ಮೇಲೆ ಕುಸಿದು ಕೂತ. ನೆಲ ನೋಡುತ್ತ ಹೇಳಿದ:

“ನೀರು ತಂದು ಕೊಟ್ಟಾಂವ ನಾ. ಬಾವಿಗಿ ಹೋಗಿ ಹೋಗಿ ತಣ್ಣಂದು ತರ್ತಿದ್ದೆ. ಹೊಸಾ ನೀರು ತಾ ಅಂತ ನೀ ಅಂದಾಗೆಲ್ಲಾ ಓಡ್ತಿದ್ದೆ. ನಾನೂ ಅಪ್ಪಗ ಹೇಳ್ಬಹುದಿತ್ತಲ್ಲ, ದವಾಖಾನಿಗಿ ನಡೀರಿ ಅಂತ.”

ಆಗ ಅವನಿಗೆ ಎಷ್ಟು ವಯಸ್ಸು? ಕೊಡ ಎತ್ತಲಾರದೆ ತಂಬಿಗೆಯಲ್ಲಿ ತರುವಷ್ಟು. ನನ್ನ ಹಿಂದೆ ಜೀಪು ತಂದದ್ದು, ಮುಂದೆ ಹೋಗು ಅಂದರೂ ಹೋಗದೆ ಕನ್ನಡಿಯಲ್ಲಿ ಉಳಿದದ್ದು, ತೊಗರಿ ಚೀಲದ ನಡುವೆ ಕೂರಿಸಿ ಕಾದದ್ದು, ಎಲ್ಲವೂ ಒಮ್ಮೆಲೇ ಬೇರೆಯಾಗಿ ಕಂಡವು. ಇವರಿಬ್ಬರೂ ಇಷ್ಟು ವರ್ಷ ನನ್ನ ಕಾಲಿನ ಎರಡು ಬದಿಗೆ ಕೂತು ಆ ಜ್ವರವನ್ನೇ ಕಾಯುತ್ತಿದ್ದರು. ನನಗೆ ತಡೆಯಲಾಗದಷ್ಟು ದುಃಖವಾಯಿತು, ತಡೆಯಲಾಗದಷ್ಟು ಸಿಟ್ಟೂ ಬಂತು.

“ದವಾಖಾನಿಗಿ ಒಯ್ದಿದ್ರ ಏನಾಗ್ತಿತ್ತು?” ಎಂದೆ ಗಟ್ಟಿಯಾಗಿ, ಕ್ಲಾಸಿನಲ್ಲಿ ಕೇಳುವ ಹಾಗೆ. “ಒಮ್ಮೆ ಬಂದ ಪೋಲಿಯೋಕ್ಕ ಮದ್ದು ಇಲ್ಲ. ಆಗೂ ಇರ್ಲಿಲ್ಲ, ಈಗೂ ಇಲ್ಲ. ಬರದಂಗ ಡ್ರಾಪ್ಸ್ ಹಾಕ್ತಾರ ಅಷ್ಟೇ. ನೀವಿಬ್ರೂ ವಿಮಾನದಾಗ ಒಯ್ದಿದ್ರೂ ಈ ಕಾಲು ಹಿಂಗೇ ಇರ್ತಿತ್ತು.”

ಅವ್ವ ನನ್ನನ್ನೇ ನೋಡಿದಳು.

“ಖರೇನ?”

“ಖರೇ.”

“ಇದು ನಿನಗ ಮೊದಲೇ ಗೊತ್ತಿತ್ತಾ?”

“ಮಕ್ಕಳಿಗಿ ವರ್ಷಾ ಕಲಿಸ್ತೀನಲ್ಲ.”

“ಮತ್ತ ನನಗ್ಯಾಕ ಹೇಳ್ಲಿಲ್ಲ?”

“ನೀ ಯಾವಾಗ ಕೇಳಿದಿ?”

ಅವ್ವ ಒಲೆಯ ಕಡೆ ಹೋಗಲಿಲ್ಲ. ಕಾರಿನ ಮೂತಿಗೆ ಕೈ ಊರಿ ನಿಂತಲ್ಲೇ ಅತ್ತಳು, ನಮ್ಮಿಬ್ಬರ ಎದುರಿಗೇ. ಅಣ್ಣ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟ.

ಗಿರಾಕಿ ಹುಡುಕುವ ಮಾತು ಮತ್ತೆ ಬರಲಿಲ್ಲ. ಮರುದಿನ ಸಂಜೆ ಅಣ್ಣ ಸ್ಟೇಷನ್ ರಸ್ತೆಯ ಅಂಗಡಿಯಿಂದ ಬ್ಯಾಟರಿ ನೀರಿನ ಕ್ಯಾನು, ವ್ಯಾಸಲೀನ್ ಡಬ್ಬಿ ತಂದು ಕಾರಿನ ಹತ್ತಿರ ಇಟ್ಟು, ತಾನು ಇಟ್ಟಿಲ್ಲ ಎನ್ನುವ ಮುಖ ಮಾಡಿ ಒಳಗೆ ಹೋದ. ಭಾನುವಾರ ಅವ್ವನನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ತೋರಿಸಿದೆ: ಹಸಿ ಅರಿವೆ ಯಾವತ್ತೂ ಬೇಡ, ಒಣ ಅರಿವೆ ಮಾತ್ರ. ಬಿಸಿಲಿಗೆ ಏನು ಮಾಡುವುದು ಎಂದು ಕೇಳಿದಳು. ಬೇವಿನ ಗಿಡದ ನೆರಳಿಗೆ ನಿಲ್ಲಿಸೋಣ ಎಂದೆ. ಅಂಗಳದ ಆ ಜಾಗದಲ್ಲಿ ಬಿದ್ದಿದ್ದ ಅಣ್ಣನ ಖಾಲಿ ಚೀಲಗಳನ್ನು ಅವಳು ಅವತ್ತೇ ಎತ್ತಿಸಿದಳು.

ನನ್ನ ಹೆದರಿಕೆ ಅದರಿಂದ ಹೋಗಲಿಲ್ಲ. ಸೋಮವಾರ ಬೆಳಗ್ಗೆ ಎದ್ದವಳೇ ಅಂಗಳಕ್ಕೆ ಹೋದೆ. ಅವ್ವ ನನಗಿಂತ ಮೊದಲೇ ಅಲ್ಲಿದ್ದಳು. ಮುಚ್ಚಳ ಎತ್ತಿ, ಕೈ ಸೆರಗಿಗೆ ಒರೆಸಿ ಒಣಗಿಸಿಕೊಂಡು, ಮಕ್ಕಳ ಹಣೆ ಮುಟ್ಟುವಂತೆ ಕೈಯ ಹಿಂಬದಿಯನ್ನು ಸಣ್ಣ ಬ್ಯಾಟರಿಯ ಮೇಲೆ ಇಟ್ಟಳು.

“ಜ್ವರ ಇಲ್ಲ,” ಎಂದಳು. “ಹೋಗಿ ಬಾ.”

ನಾನು ಒಳಗೆ ಕೂತು ಕೀಲಿ ಹಿಡಿದೆ. ಅವ್ವನೂ ಕಿವಿಗೊಟ್ಟು ನಿಂತಳು. ಬಾಗಿಲಲ್ಲಿ ಅಣ್ಣ ಹಲ್ಲುಜ್ಜುವುದನ್ನು ಬಿಟ್ಟು ನಿಂತಿದ್ದ. ಮೂವರೂ ಕಾದೆವು.

ಟಕ್ ಅಂತು.